0.1 ಬೈನರಿಗೆ ಹೋದಾಗ: ದಹ್ರಾನ್‌ನ ಪೇಟ್ರಿಯಟ್ ಪ್ರಕರಣ

1991ರ ಫೆಬ್ರವರಿ 25ರ ರಾತ್ರಿ, ಕೊಲ್ಲಿ ಯುದ್ಧದ ಹೊತ್ತು. ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಸೈನಿಕರು ತಂಗಿದ್ದ ಬ್ಯಾರಕ್ ಮೇಲೆ ಇರಾಕ್ ಹಾರಿಸಿದ ಒಂದು ಸ್ಕಡ್ ಕ್ಷಿಪಣಿ ಬಿತ್ತು. 28 ಜನ ಸತ್ತರು, ನೂರರ ಹತ್ತಿರ ಜನರಿಗೆ ಗಾಯ. ಸತ್ತವರಲ್ಲಿ 13 ಜನ ಒಂದೇ ತುಕಡಿಯವರು. ಪೆನ್ಸಿಲ್ವೇನಿಯಾದ ಗ್ರೀನ್ಸ್‌ಬರ್ಗ್‌ನಿಂದ ಬಂದಿದ್ದ, ನೀರು ಶುದ್ಧ ಮಾಡಿಕೊಡುವ ಕೆಲಸದವರು. ದಮ್ಮಾಮ್, ಅಲ್ ಖೋಬರ್ ಕಡೆ ಕೆಲಸಕ್ಕೆ ಹೋಗುವ ನಮ್ಮ ಕರಾವಳಿಯವರಿಗೆ ಈ ಊರು ಹೊಸದೇನಲ್ಲ, ಅವೆರಡರ ಪಕ್ಕದಲ್ಲೇ ಇದೆ.

ಅಲ್ಲಿನ ವಾಯುನೆಲೆ ಕಾಯೋಕೆ ಪೇಟ್ರಿಯಟ್ ಕ್ಷಿಪಣಿಗಳ, ಅಂದರೆ ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯುವ ಕ್ಷಿಪಣಿಗಳ, ಒಂದು ಬ್ಯಾಟರಿ (ರೇಡಾರ್, ಕಂಪ್ಯೂಟರ್ ಎಲ್ಲಾ ಸೇರಿದ ಒಂದು ಘಟಕ) ಇತ್ತು. ಹೆಸರು ಆಲ್ಫಾ. ಅದು ಚಾಲೂ ಇತ್ತು, ಕೆಟ್ಟು ನಿಂತಿರಲಿಲ್ಲ, ನಡೆಸುವವರು ಮಲಗಿರಲಿಲ್ಲ. ಆದರೂ ಒಂದು ಕ್ಷಿಪಣಿಯನ್ನೂ ಹಾರಿಸಲಿಲ್ಲ. ಕಾರಣ ಹುಡುಕಿದ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 1992ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಅದರ ತಿರುಳು ಇಷ್ಟು: ಕಂಪ್ಯೂಟರ್ ಸಮಯವನ್ನು ಪೂರ್ಣಾಂಕದಿಂದ ಪಾಯಿಂಟ್ ಇರುವ ಸಂಖ್ಯೆಗೆ ಬದಲಾಯಿಸುವಾಗ ಒಂದು ಚೂರು ಕಳೆದುಹೋಗುತ್ತಿತ್ತು. ಸೆಕೆಂಡಿನ ಹತ್ತನೇ ಒಂದು ಭಾಗ, ಅಂದರೆ 0.1, ಬೈನರಿಯಲ್ಲಿ (ಕಂಪ್ಯೂಟರ್ ಬಳಸುವ, ಬರೀ 0 ಮತ್ತು 1ರ ಬರಹದಲ್ಲಿ) ಸರಿಯಾಗಿ ಕೂರುವುದಿಲ್ಲ.

ಕಾಲೇಜಿನಲ್ಲಿ ನಂಬರ್ ಸಿಸ್ಟಮ್ ಪಾಠ ಕಲಿತವರಿಗೆಲ್ಲ ಈ ಕತೆಯನ್ನು ಇಲ್ಲಿಗೇ ನಿಲ್ಲಿಸಿ ಹೇಳಿರುತ್ತಾರೆ. 'ನೋಡಿ, ಚಿಕ್ಕ ರೌಂಡಿಂಗ್ ತಪ್ಪು, 28 ಜೀವ ಹೋಯಿತು.' ಸುಳ್ಳಲ್ಲ, ಆದರೆ ಅರ್ಧ ಕತೆ ಅಷ್ಟೇ. ಆ ತಪ್ಪು ತಾನಾಗಿಯೇ ಅಷ್ಟು ಅಪಾಯದ್ದಾಗಿರಲಿಲ್ಲ ಅನ್ನುವುದು ಮಿಕ್ಕ ಅರ್ಧ. ನನಗೆ ಜಾಸ್ತಿ ಮುಖ್ಯ ಅನ್ನಿಸುವುದೂ ಅದೇ. ಅದಕ್ಕೆ ಬರೋಣ, ಮೊದಲು ಲೆಕ್ಕ ಮಾಡೋಣ.

ಎಷ್ಟರ ಗುಂಪಿನಲ್ಲಿ ಎಣಿಸುತ್ತೇವೋ ಅದು ಬೇಸ್: ನಮ್ಮದು 10, ಬೈನರಿಯದು 2. ಪೂರ್ಣಾಂಕಗಳ ಮಟ್ಟಿಗೆ ಯಾವ ಬೇಸ್‌ನಿಂದ ಯಾವ ಬೇಸ್‌ಗೆ ಹೋದರೂ ಏನೂ ಸೋರುವುದಿಲ್ಲ. 36 ಲಕ್ಷವನ್ನು ತಗೊಳ್ಳಿ. 16ರಿಂದ ಭಾಗಿಸುತ್ತಾ ಹೋಗಿ, ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ: ಹೆಕ್ಸ್‌ನಲ್ಲಿ (16ರ ಬೇಸ್, 10ರಿಂದ 15ಕ್ಕೆ ಎಯಿಂದ ಎಫ್ ಅಕ್ಷರಗಳು, ಇ ಎಂದರೆ 14) 3, 6, ಇ, ಇ, 8, 0. ವಾಪಸ್ ಬಂದರೆ ಸರಿಯಾಗಿ 36 ಲಕ್ಷವೇ. ಬೈನರಿಯಲ್ಲಿ ಬರೆದರೆ 22 ಬಿಟ್ (ಒಂದು ಬಿಟ್ ಎಂದರೆ ಒಂದು 0 ಅಥವಾ 1), ಪೇಟ್ರಿಯಟ್‌ನ 24 ಬಿಟ್ ರಿಜಿಸ್ಟರ್‌ನಲ್ಲಿ (ಲೆಕ್ಕದ ಸಂಖ್ಯೆ ಇಟ್ಟುಕೊಳ್ಳುವ ಖಾನೆ) ಆರಾಮಾಗಿ ಹಿಡಿಯುತ್ತದೆ. ಈ ಸಂಖ್ಯೆಯನ್ನೇ ಯಾಕೆ ತಗೊಂಡೆ ಎಂದರೆ, 100 ಗಂಟೆಯಲ್ಲಿ ಸೆಕೆಂಡಿನ ಹತ್ತನೇ ಭಾಗಗಳು ಇರುವುದು ಇಷ್ಟೇ. ಪೇಟ್ರಿಯಟ್ ಗಡಿಯಾರ ಆನ್ ಆದ ಕ್ಷಣದಿಂದ ಈ ಹತ್ತನೇ ಭಾಗಗಳನ್ನೇ ಒಂದೊಂದಾಗಿ ಎಣಿಸುತ್ತಿತ್ತು. ಎಣಿಕೆಯಲ್ಲಿ ಒಂದೂ ತಪ್ಪಿರಲಿಲ್ಲ.

ತಕರಾರು ಶುರುವಾಗುವುದು ಎಣಿಕೆಯನ್ನು ಸೆಕೆಂಡಿಗೆ ತರುವಾಗ. ಅದಕ್ಕೆ 0.1ರಿಂದ ಗುಣಿಸಬೇಕು. ಆ 0.1 ಬೈನರಿಯಲ್ಲಿ ಎಷ್ಟು? ಭಿನ್ನರಾಶಿಗೆ ಭಾಗಾಕಾರ ಇಲ್ಲ, ಗುಣಾಕಾರ. 2ರಿಂದ ಗುಣಿಸಿ, ಪಾಯಿಂಟ್‌ನ ಎಡಗಡೆ ಬಂದಿದ್ದನ್ನು ಎತ್ತಿಡಿ, ಉಳಿದಿದ್ದನ್ನು ಮತ್ತೆ ಗುಣಿಸಿ. 0.1 ಎರಡರಷ್ಟು 0.2, ಎತ್ತಿಡೋದು 0. ಆಮೇಲೆ 0.4, ಮತ್ತೆ 0. 0.8, ಇನ್ನೂ 0. 1.6, ಈಗ 1 ಬಂತು, ಉಳಿದಿದ್ದು 0.6. ಅದರ ಎರಡರಷ್ಟು 1.2, ಮತ್ತೆ 1, ಉಳಿದಿದ್ದು 0.2. ಇಲ್ಲಿ ನಿಲ್ಲಿ. 0.2ನ್ನು ಆಗಲೇ ನೋಡಿದ್ದೆವಲ್ಲ? ಹೌದು, ಮೊದಲ ಹೆಜ್ಜೆಯಲ್ಲಿ. ಇನ್ನು ಇದೇ ಸುತ್ತು ಮುಗಿಯುವುದೇ ಇಲ್ಲ: 0.0 ಆದ ಮೇಲೆ 0011, 0011, 0011. ಹೆಕ್ಸ್‌ನಲ್ಲಿ ಇನ್ನೂ ಬೇಗ ಕಾಣುತ್ತದೆ. 0.1 ಗುಣಿಸು 16, 1.6. 0.6 ಗುಣಿಸು 16, 9.6. ಮತ್ತೆ 0.6. ಅಂದರೆ 0.1999999, ಸಾಲು ಸಾಲು ಒಂಬತ್ತು.

ಕಾರಣ ಸರಳ. ಹತ್ತರ ಒಳಗೆ 5 ಇದೆ. ಎರಡನ್ನು ಎಷ್ಟು ಸಲ ಗುಣಿಸಿದರೂ ಅದು 5ರ ಮಗ್ಗಿಗೆ ಬರುವುದಿಲ್ಲ. ಡೆಸಿಮಲ್‌ನಲ್ಲಿ ಮೂರನೇ ಒಂದು ಭಾಗ 0.3333 ಎಂದು ಓಡುತ್ತಾ ಹೋಗುವುದೂ ಇದೇ ಕಾರಣಕ್ಕೆ. (1957ರ ಏಪ್ರಿಲ್ 1ಕ್ಕೆ ಮುಂಚೆ ನಮ್ಮ ರೂಪಾಯಿಗೆ 16 ಆಣೆ ಇತ್ತಲ್ಲ, ಎಂಟಾಣೆ, ನಾಲ್ಕಾಣೆ, ಎರಡಾಣೆ, ಒಂದಾಣೆ ಎಲ್ಲವೂ ಅರ್ಧರ್ಧ ಮಾಡುತ್ತಾ ಬಂದ ಭಾಗಗಳು, ಬೈನರಿಯಲ್ಲಿ ಒಂದು ಚೂರೂ ಉಳಿಯದೆ ಕೂರುತ್ತವೆ. ಒಂದಾಣೆ ಎಂದರೆ 0.0001, ಮುಗೀತು. ಆಣೆಗೆ 12 ಪೈ ಅಂತ ಇನ್ನೂ ಕೆಳಗಿಳಿದರೆ ಕೆಡುತ್ತದೆ, 12ರೊಳಗೆ 3 ಇದೆ. ಈಗಿನ 100 ಪೈಸೆಯಲ್ಲಿ ಬೈನರಿಗೆ ಸರಿಯಾಗಿ ಒಗ್ಗುವ ಚಿಲ್ಲರೆ 25, 50, 75 ಮೂರೇ. ಹಣವನ್ನು ರೂಪಾಯಿ-ಪಾಯಿಂಟ್-ಪೈಸೆ ಎಂದು ಫ್ಲೋಟ್‌ನಲ್ಲಿ (ಪಾಯಿಂಟ್ ಇರುವ ಬೈನರಿ ಸಂಖ್ಯೆಯಾಗಿ) ಇಡದೆ ಬರೀ ಪೈಸೆಯ ಪೂರ್ಣಾಂಕವಾಗಿ ಇಡಬೇಕು ಎಂದು ಪೇಮೆಂಟ್ ಸಾಫ್ಟ್‌ವೇರ್ ಬರೆಯುವವರು ಬಡಕೊಳ್ಳುವುದು ಇದಕ್ಕೇ.)

ಪೇಟ್ರಿಯಟ್‌ನ ರಿಜಿಸ್ಟರ್ 24 ಬಿಟ್. ಪಾಯಿಂಟ್ ಆದ ಮೇಲೆ 23 ಬಿಟ್ ಹಿಡಿಯಿತು, ಮಿಕ್ಕಿದ್ದನ್ನು ಕತ್ತರಿಸಿ ಬಿಸಾಕಿತು. 2ರ 23ನೇ ಘಾತ 83,88,608. ಅದರ ಹತ್ತನೇ ಒಂದು ಭಾಗ 8,38,860.8. ಕಂಪ್ಯೂಟರ್ ಉಳಿಸಿಕೊಂಡಿದ್ದು 8,38,860. ಬಾಲದಲ್ಲಿದ್ದ 0.8 ಹೋಯಿತು. ಅದನ್ನು ವಾಪಸ್ 83,88,608ರಿಂದ ಭಾಗಿಸಿದರೆ ಕಳೆದುಹೋದ ಚೂರು ಎಷ್ಟೆಂದು ಸಿಗುತ್ತದೆ: ಒಂದು ಎಣಿಕೆಗೆ 0.000000095 ಸೆಕೆಂಡ್. ಒಂದು ಗಂಟೆಗೆ 36,000 ಎಣಿಕೆ, ಅಂದರೆ 0.0034 ಸೆಕೆಂಡ್. 100 ಗಂಟೆಗೆ 0.3433 ಸೆಕೆಂಡ್. ನಿಜವಾದ ಸಮಯ 3,60,000 ಸೆಕೆಂಡ್ ಆಗಿದ್ದಾಗ ಕಂಪ್ಯೂಟರ್ ಲೆಕ್ಕದಲ್ಲಿ 3,59,999.6567. ವರದಿಯಲ್ಲಿ ಇರುವ ಸಂಖ್ಯೆಯೂ ಇದೇ. ಕ್ಯಾಲ್ಕುಲೇಟರ್ ಹಿಡಿದು ನೀವೇ ಮಾಡಿ ನೋಡಿ, ಕೊನೆಯ ಅಂಕಿಯವರೆಗೂ ಕೂಡಿಬರುತ್ತದೆ.

ಮೂರನೇ ಒಂದು ಸೆಕೆಂಡ್ ಏನು ಮಹಾ ಅನ್ನಿಸಬಹುದು. ಸ್ಕಡ್‌ನ ವೇಗ ಸೆಕೆಂಡಿಗೆ ಸುಮಾರು 1,676 ಮೀಟರ್. ಮೂರನೇ ಒಂದು ಸೆಕೆಂಡಿನಲ್ಲಿ ಅದು ಅರ್ಧ ಕಿಲೋಮೀಟರ್‌ಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ.

ಇನ್ನು ರೇಡಾರ್ ಹೇಗೆ ನೋಡುತ್ತದೆ ಎಂದು ಹೇಳಲೇಬೇಕು, ಇಲ್ಲದಿದ್ದರೆ ಈ ಸಂಖ್ಯೆಗಳಿಗೆ ಅರ್ಥವಿಲ್ಲ. ಪೇಟ್ರಿಯಟ್ ರೇಡಾರ್ ಮೊದಲು ಆಕಾಶ ಜಾಲಾಡುತ್ತದೆ. ಏನೋ ಒಂದು ಕಂಡರೆ, ಅದರ ವೇಗ ಮತ್ತು ಅದು ಕಂಡ ಸಮಯ ಇಟ್ಟುಕೊಂಡು 'ಇದು ನಿಜವಾಗಲೂ ಕ್ಷಿಪಣಿಯೇ ಆಗಿದ್ದರೆ ಮುಂದಿನ ಸಲ ಇಲ್ಲಿ ಇರಬೇಕು' ಎಂದು ಲೆಕ್ಕ ಹಾಕಿ, ಆಕಾಶದ ಅಷ್ಟೇ ಜಾಗವನ್ನು ಮಾತ್ರ ನೋಡುತ್ತದೆ. ಆ ಜಾಗಕ್ಕೆ ರೇಂಜ್ ಗೇಟ್ ಅನ್ನುತ್ತಾರೆ. ಗೇಟ್ ಒಳಗೆ ಸಿಕ್ಕಿದರೆ ಗುರಿ, ಸಿಗದಿದ್ದರೆ ಮೊದಲು ಕಂಡಿದ್ದೇ ಸುಳ್ಳು ಎಂದು ಕೈಬಿಡುತ್ತದೆ. ದಹ್ರಾನ್‌ನಲ್ಲಿ ಆಗಿದ್ದು ಅದೇ. ಗೇಟ್ ತಪ್ಪು ಜಾಗದಲ್ಲಿ ತೆರೆಯಿತು, ಅಲ್ಲಿ ಏನೂ ಇರಲಿಲ್ಲ, ಪರದೆ ಖಾಲಿ. ಹಾರಿಸೋಕೆ ಗುರಿಯೇ ಇಲ್ಲ.

ವರದಿಯಲ್ಲಿ ಒಂದು ಕೋಷ್ಟಕ ಇದೆ. 8 ಗಂಟೆ ಓಡಿದರೆ ಗೇಟ್ 55 ಮೀಟರ್ ಸರಿಯುತ್ತದೆ, 20 ಗಂಟೆಗೆ 137, 100 ಗಂಟೆಗೆ 687. (ಈ ಕೋಷ್ಟಕ ಸೆಕೆಂಡಿಗೆ ಸುಮಾರು 2,000 ಮೀಟರ್ ವೇಗದ ಲೆಕ್ಕಕ್ಕೆ ಹೊಂದುತ್ತದೆ. 1,676 ಹಾಕಿದರೆ 687ರ ಬದಲು 575 ಬರುತ್ತದೆ. ಎರಡರಲ್ಲಿ ಯಾವುದಾದರೂ ಆ ರಾತ್ರಿಯ ಫಲ ಬದಲಾಗುತ್ತಿರಲಿಲ್ಲ.) 8 ಗಂಟೆಗೆ ಗೇಟ್ ಶೇ 20ರಷ್ಟು ಸರಿದಿರುತ್ತದೆ ಎಂದೂ ವರದಿ ಹೇಳುತ್ತದೆ. ಹಾಗಾದರೆ ಪೂರ್ತಿ ಗೇಟ್ ಸುಮಾರು 275 ಮೀಟರ್, ನಡುವಿನಿಂದ ಅಂಚಿಗೆ 137. ಅಂದರೆ 20 ಗಂಟೆ ಆಗುವ ಹೊತ್ತಿಗೆ ಗುರಿ ಗೇಟ್‌ನ ಅಂಚಿಗೆ ಬಂದಿರುತ್ತದೆ, ಆಮೇಲೆ ಹೊರಗೆ. ಆಲ್ಫಾ ಬ್ಯಾಟರಿ ಅವತ್ತಿಗೆ 100 ಗಂಟೆ ದಾಟಿತ್ತು.

ಈಗ ಮಿಕ್ಕ ಅರ್ಧ ಕತೆ. ಸ್ವಲ್ಪ ಯೋಚನೆ ಮಾಡಿದರೆ ಮೇಲಿನ ಲೆಕ್ಕದಲ್ಲೇ ಒಂದು ತೂತು ಕಾಣಬೇಕು. ರೇಡಾರ್‌ಗೆ ಬೇಕಾಗಿರುವುದು ಆನ್ ಆದಾಗಿನಿಂದ ಎಷ್ಟು ಹೊತ್ತಾಯಿತು ಎಂಬುದಲ್ಲ, ರೇಡಾರ್ ಬಿಡುವ ಒಂದು ಪಲ್ಸ್‌ಗೂ (ಅಲೆಯ ಒಂದು ಬಡಿತ) ಇನ್ನೊಂದು ಪಲ್ಸ್‌ಗೂ ನಡುವೆ ಎಷ್ಟು ಹೊತ್ತು ಎಂಬುದು. ಎರಡೂ ಸಮಯ ಒಂದೇ ತಪ್ಪು 0.1ರಿಂದ ಬಂದಿದ್ದರೆ? ಕಳೆದಾಗ ತಪ್ಪೂ ಕಳೆದುಹೋಗಬೇಕು, ಅಲ್ವಾ?

ಹೋಗುತ್ತದೆ. ಉದಾಹರಣೆಗೆ ಮೊದಲ ಪಲ್ಸ್ 36,00,000ನೇ ಎಣಿಕೆಯಲ್ಲಿ, ಎರಡನೆಯದು ಒಂದು ಸೆಕೆಂಡ್ ಆದ ಮೇಲೆ 36,00,010ನೇ ಎಣಿಕೆಯಲ್ಲಿ ಎಂದಿಟ್ಟುಕೊಳ್ಳಿ. ಕತ್ತರಿಸಿದ 0.1ರಿಂದ ಎರಡನ್ನೂ ಗುಣಿಸಿದರೆ 3,59,999.6567 ಮತ್ತು 3,60,000.6567. ವ್ಯತ್ಯಾಸ 0.999999 ಸೆಕೆಂಡ್. ತಪ್ಪು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟೂ ಇಲ್ಲ, ಸ್ಕಡ್‌ನ ವೇಗಕ್ಕೆ ಅದು ಒಂದೂವರೆ ಮಿಲಿಮೀಟರ್ ಚಿಲ್ಲರೆ. ನೂರು ಗಂಟೆ ಓಡಲಿ, ಸಾವಿರ ಗಂಟೆ ಓಡಲಿ, ಅಷ್ಟೇ ಇರುತ್ತದೆ. ಅಂಥ ತಪ್ಪಿಗೆ ಯಾರೂ ಸಾಯುವುದಿಲ್ಲ.

ಹಾಗಾದರೆ 0.34 ಸೆಕೆಂಡ್ ಎಲ್ಲಿಂದ ಬಂತು? ಕಂಪ್ಯೂಟರ್ ವಿಜ್ಞಾನಿ ರಾಬರ್ಟ್ ಸ್ಕೀಲ್ 1992ರಲ್ಲಿ ಅನ್ವಯಿಕ ಗಣಿತದವರ ಪತ್ರಿಕೆ ಸಿಯಾಮ್ ನ್ಯೂಸ್‌ನಲ್ಲಿ ಇದನ್ನು ಬಿಡಿಸಿ ಬರೆದರು. ಪೇಟ್ರಿಯಟ್ ಮೊದಲು ಮಾಡಿದ್ದು ವಿಮಾನಗಳ ವಿರುದ್ಧ. ಕೊಲ್ಲಿ ಯುದ್ಧಕ್ಕೆ ಬಂದಾಗ ಅದಕ್ಕಿಂತ ಎಷ್ಟೋ ವೇಗದ ಕ್ಷಿಪಣಿಗಳನ್ನು ಹಿಡಿಯಬೇಕಾಯಿತು, ಹಾಗಾಗಿ ಹಳೆಯ ಅಸೆಂಬ್ಲಿ ಕೋಡ್‌ನಲ್ಲಿ ಅಲ್ಲಲ್ಲಿ ಬದಲಾವಣೆ ಮಾಡಿದರು. ಅದರಲ್ಲೊಂದು, ಗಡಿಯಾರದ ಎಣಿಕೆಯನ್ನು ಹೆಚ್ಚು ನಿಖರವಾಗಿ ಸೆಕೆಂಡಿಗೆ ತರುವ ಹೊಸ ಸಬ್‌ರೂಟೀನ್ (ಬೇಕಾದ ಕಡೆಯಿಂದ ಕರೆದು ಬಳಸುವ ಕೋಡ್ ತುಂಡು). ಒಂದು ರಿಜಿಸ್ಟರ್ ಬದಲು ಎರಡನ್ನು ಜೋಡಿಸಿ ಬಳಸುತ್ತಿತ್ತು. ಒಳ್ಳೇ ಕೆಲಸವೇ. ಆದರೆ ಈ ಪರಿವರ್ತನೆ ಬೇಕಾಗಿದ್ದು ಕೋಡ್‌ನ ಸುಮಾರು ಅರ್ಧ ಡಜನ್ ಕಡೆ. ಹೊಸ ಸಬ್‌ರೂಟೀನನ್ನು ಎಲ್ಲಾ ಕಡೆ ಹಾಕಲಿಲ್ಲ. ಕೆಲವು ಕಡೆ ಹೊಸದು, ಕೆಲವು ಕಡೆ ಹಳೆಯದು.

ಮೇಲಿನ ಲೆಕ್ಕವನ್ನೇ ಈಗ ಮತ್ತೆ ಮಾಡಿ. ಒಂದು ಪಲ್ಸ್‌ನ ಸಮಯ ಹೊಸ ದಾರಿಯಿಂದ, 3,60,001.0000. ಇನ್ನೊಂದರದ್ದು ಹಳೆಯ ದಾರಿಯಿಂದ, 3,59,999.6567. ವ್ಯತ್ಯಾಸ 1.3433. ಇರಬೇಕಾಗಿದ್ದು 1. ಅಲ್ಲಿಗೆ ಬಂತು 0.34. ತಪ್ಪು ಎರಡೂ ಕಡೆ ಇದ್ದಾಗ ಒಂದನ್ನೊಂದು ತಿಂದುಹಾಕುತ್ತಿತ್ತು. ಒಂದು ಕಡೆ ಮಾತ್ರ ಸರಿ ಮಾಡಿದ್ದರಿಂದ ಇನ್ನೊಂದು ಕಡೆಯದು ಬೆತ್ತಲಾಯಿತು. ಕೋಡ್ ಸುಧಾರಿಸಲು ಹೋಗಿ ಕೆಡಿಸಿದ್ದು, ಅದೂ ಸುಧಾರಣೆಯನ್ನು ಅರ್ಧಕ್ಕೆ ಬಿಟ್ಟು.

ನನ್ನ ಪ್ರಕಾರ ಕ್ಲಾಸಿನಲ್ಲಿ ಹೇಳಬೇಕಾದ ಪಾಠ ಇದು. '0.1 ಬೈನರಿಯಲ್ಲಿ ಸರಿಯಾಗಿ ಬರಲ್ಲ' ಅನ್ನುವುದನ್ನು ಆ ಕಾಲದ ಪ್ರೋಗ್ರಾಮರ್‌ಗಳು ನಮಗಿಂತ ಚೆನ್ನಾಗಿಯೇ ತಿಳಿದಿದ್ದರು, ಅದಕ್ಕೇ ತಾನೇ ಹೊಸ ಸಬ್‌ರೂಟೀನ್ ಬರೆದಿದ್ದು. ಒಂದೇ ಸಂಖ್ಯೆಯ ಎರಡು ಬೇರೆ ಬೇರೆ ಬೈನರಿ ರೂಪ ಒಂದೇ ಪ್ರೋಗ್ರಾಂನಲ್ಲಿ ಓಡಾಡುತ್ತಿವೆ ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ.

ಬಿದ್ದಿರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಕೊನೆಯ ಎರಡು ವಾರ ಏನೇನಾಯಿತು ನೋಡಿ. ಅಮೆರಿಕದ ಕಮಾಂಡರ್‌ಗಳು ತಮ್ಮ ಪೇಟ್ರಿಯಟ್‌ಗಳಿಗೆ ಡೇಟಾ ರೆಕಾರ್ಡರ್ ಹಾಕಿರಲಿಲ್ಲ, ಹಾಕಿದರೆ ಸಿಸ್ಟಮ್ ತಟಕ್ಕನೆ ನಿಂತುಹೋದೀತು ಎಂಬ ಭಯ. ಇಸ್ರೇಲಿನವರು ಹಾಕಿದ್ದರು. ಫೆಬ್ರವರಿ 11ರಂದು ಇಸ್ರೇಲ್‌ನಿಂದ ಅಮೆರಿಕದ ಪೇಟ್ರಿಯಟ್ ಕಚೇರಿಗೆ ಡೇಟಾ ಬಂತು: 8 ಗಂಟೆ ಓಡಿದ ಮೇಲೆ ಗೇಟ್ ಶೇ 20 ಸರಿದಿದೆ ಎಂದು. ತಪ್ಪು ಸಮಯದ ಜೊತೆ ಒಂದೇ ಸಮನೆ ಬೆಳೆಯುತ್ತದೆ, ಇದು ಮಗ್ಗಿ ಲೆಕ್ಕ. 8 ಗಂಟೆಗೆ 20 ಆದರೆ 20 ಗಂಟೆಗೆ 50, ಗುರಿ ಗೇಟ್‌ನ ಅಂಚಿನಲ್ಲಿ. ಆದರೆ ಯಾರೂ ಒಂದೇ ಸಮನೆ ಅಷ್ಟು ಹೊತ್ತು ಓಡಿಸಲಾರರು ಎಂದು ಅಧಿಕಾರಿಗಳು ಅಂದುಕೊಂಡರು. ಮೂಲ ವಿನ್ಯಾಸವೂ ಹಾಗೇ ಇತ್ತು, ಲಾರಿ ಮೇಲೆ ಹೊತ್ತು ತಿರುಗುವ ವ್ಯವಸ್ಥೆ, ಒಂದು ಜಾಗದಲ್ಲಿ ಕೆಲವು ಗಂಟೆ ಮಾತ್ರ ಇರುವುದು.

ಫೆಬ್ರವರಿ 16ಕ್ಕೆ ತಿದ್ದಿದ ಸಾಫ್ಟ್‌ವೇರ್ ಸಿದ್ಧವಾಯಿತು. 21ಕ್ಕೆ ಎಲ್ಲಾ ಬ್ಯಾಟರಿಗಳಿಗೆ ಸಂದೇಶ ಹೋಯಿತು: ತುಂಬಾ ಹೊತ್ತು ಓಡಿಸಿದರೆ ಗೇಟ್ ಸರಿಯಬಹುದು, ಸಾಫ್ಟ್‌ವೇರ್ ಬರುತ್ತಿದೆ. ತುಂಬಾ ಹೊತ್ತು ಎಂದರೆ ಎಷ್ಟು ಗಂಟೆ? ಸಂದೇಶದಲ್ಲಿ ಇರಲಿಲ್ಲ. ನಿಜ ಹೇಳಬೇಕೆಂದರೆ ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸುವುದು ಈ ಒಂದು ಸಾಲು. ರೀಬೂಟ್ ಮಾಡಿದರೆ ಎಣಿಕೆ ಸೊನ್ನೆಗೆ ಬರುತ್ತದೆ, ತಪ್ಪೂ ಸೊನ್ನೆ, ಹಿಡಿಯುವುದು ಒಂದರಿಂದ ಒಂದೂವರೆ ನಿಮಿಷ. '8 ಗಂಟೆಗೊಮ್ಮೆ ಆಫ್ ಮಾಡಿ ಆನ್ ಮಾಡಿ' ಎಂದು ಒಂದು ವಾಕ್ಯ ಬರೆದಿದ್ದರೆ ಸಾಕಿತ್ತು, ಡೇಟಾ ಕೈಯಲ್ಲೇ ಇತ್ತು. ಯುದ್ಧದ ನಡುವೆ ವಿಮಾನ, ಲಾರಿ ಹತ್ತಿ ಇಳಿದು ತಿದ್ದಿದ ಸಾಫ್ಟ್‌ವೇರ್ ದಹ್ರಾನ್ ಮುಟ್ಟಿದ್ದು ಫೆಬ್ರವರಿ 26. ಸ್ಕಡ್ ಬಿದ್ದ ಮಾರನೇ ದಿನ.

ಗಡಿಯಾರ ಸರಿ ಇದ್ದಿದ್ದರೆ ಆ ಸ್ಕಡ್ ನೆಲಕ್ಕೆ ಬೀಳುವ ಮುಂಚೆ ಪೇಟ್ರಿಯಟ್ ಅದನ್ನು ಹೊಡೆಯುತ್ತಿತ್ತು ಎಂದು ಹೇಳಲು ಬರುವುದಿಲ್ಲ. ಆ ಯುದ್ಧದಲ್ಲಿ ಪೇಟ್ರಿಯಟ್ ನಿಜವಾಗಿ ಎಷ್ಟು ಸ್ಕಡ್ ಹೊಡೆಯಿತು ಎಂಬುದರ ಬಗ್ಗೆ ಆಮೇಲೆ ದೊಡ್ಡ ಜಗಳವೇ ನಡೆಯಿತು. ಪ್ರಯತ್ನವಾದರೂ ಆಗುತ್ತಿತ್ತು, ಅಷ್ಟು ಹೇಳಬಹುದು.

ಸುಮ್ನೆ ಕುತೂಹಲಕ್ಕೆ ಇನ್ನೆರಡು ಲೆಕ್ಕ. 8,38,860.8ರ ಬಾಲ ಕತ್ತರಿಸುವ ಬದಲು ಹತ್ತಿರದ ಪೂರ್ಣಾಂಕಕ್ಕೆ ರೌಂಡ್ ಮಾಡಿ 8,38,861 ಇಟ್ಟಿದ್ದರೆ? ತಪ್ಪು 0.8ರ ಬದಲು 0.2, ಅದೂ ಉಲ್ಟಾ ದಿಕ್ಕಿನಲ್ಲಿ. ಕಾಲು ಭಾಗ. 20 ಗಂಟೆಯ ಗಡಿ 80 ಗಂಟೆಗೆ ಹೋಗುತ್ತಿತ್ತು. ಆದರೂ 100 ಗಂಟೆಗೆ ಸಾಲುತ್ತಿರಲಿಲ್ಲ. ಗಡಿಯಾರ ಸೆಕೆಂಡಿಗೆ 10ರ ಬದಲು 8 ಅಥವಾ 16 ಸಲ ಎಣಿಸುವಂತೆ ಮಾಡಿದ್ದರೆ? ಎಂಟನೇ ಒಂದು ಭಾಗ ಬೈನರಿಯಲ್ಲಿ 0.001. ಕತ್ತರಿಸಲು ಏನೂ ಇಲ್ಲ. ಗುಣಾಕಾರವೂ ಬೇಡ, ಬಿಟ್‌ಗಳನ್ನು ಬಲಕ್ಕೆ ಮೂರು ಜಾಗ ಸರಿಸಿದರೆ ಆಯಿತು. ಮನುಷ್ಯರ ಬೆರಳು ಹತ್ತು ಎಂದು ಕಂಪ್ಯೂಟರ್‌ನ ಗಡಿಯಾರವೂ ಹತ್ತರಲ್ಲೇ ಎಣಿಸಬೇಕಾಗಿರಲಿಲ್ಲ.

'ಈಗೆಲ್ಲಾ 64 ಬಿಟ್ ಹಿಡಿಯುವ ಫ್ಲೋಟ್, ಅದೇ ಡಬಲ್, ಇದೆ, ಈ ಕತೆ ಹಳೆಯದು' ಅನ್ನುವವರು ಇದ್ದಾರೆ. ಡಬಲ್‌ನಲ್ಲಿ 0.1ರ ತಪ್ಪು ಎಷ್ಟು ಚಿಕ್ಕದೆಂದರೆ 36 ಲಕ್ಷದಿಂದ ಗುಣಿಸಿದರೂ ಲೆಕ್ಕಕ್ಕೆ ಬರುವುದಿಲ್ಲ, ಅದು ಸರಿ. ಆದರೆ ನಾವು ಗುಣಿಸುವುದೇ ಇಲ್ಲವಲ್ಲ. ಟೈಮರ್ ಒಂದೊಂದು ಸಲ ಬಡಿದಾಗಲೂ ಮೊತ್ತಕ್ಕೆ 0.1 ಕೂಡಿಸುವ ಕೋಡ್ ಎಷ್ಟು ಕಡೆ ಇಲ್ಲ! ಪೈಥಾನ್‌ನಲ್ಲಿ ಒಂದು ಲೂಪ್ ಹಾಕಿ 0.1ನ್ನು ಹತ್ತು ಸಲ ಕೂಡಿಸಿದರೆ 1 ಬರುವುದಿಲ್ಲ, 0.9999999999999999 ಬರುತ್ತದೆ. ಅದೇ ಕೆಲಸವನ್ನು 32 ಬಿಟ್ ಫ್ಲೋಟ್‌ನಲ್ಲಿ ಹತ್ತು ಲಕ್ಷ ಸಲ ಮಾಡಿ: ಬರಬೇಕಾಗಿದ್ದು 1,00,000, ಬರುವುದು 1,00,958 ಚಿಲ್ಲರೆ. ಸೆಕೆಂಡ್ ಎಂದುಕೊಂಡರೆ 28 ಗಂಟೆಯೊಳಗೆ 16 ನಿಮಿಷದ ಹತ್ತಿರ ತಪ್ಪು. ಪೇಟ್ರಿಯಟ್ ನೂರು ಗಂಟೆಯಲ್ಲಿ ಕಳೆದುಕೊಂಡಿದ್ದು ಮೂರನೇ ಒಂದು ಸೆಕೆಂಡ್. ಎಣಿಕೆಯನ್ನು ಪೂರ್ಣಾಂಕದಲ್ಲಿ ಇಟ್ಟು ಕೊನೆಗೆ ಒಂದೇ ಸಲ ಗುಣಿಸುವ ಅದರ ವಿಧಾನ ಇವತ್ತಿನ ಎಷ್ಟೋ ಹವ್ಯಾಸಿ ಕೋಡ್‌ಗಿಂತ ವಾಸಿ. 64 ಬಿಟ್ ಎಲ್ಲಾ ಕಡೆ ಇದೆ ಎಂದೂ ಅಲ್ಲ. ಹವ್ಯಾಸಿಗಳು ಬಳಸುವ ಪುಟ್ಟ ಕಂಪ್ಯೂಟರ್ ಆರ್ಡುಯಿನೋ ಊನೋದ ಹಳೆಯ (ಆರ್3ವರೆಗಿನ) ಬೋರ್ಡಿನಲ್ಲಿ ಡಬಲ್ ಎಂದು ಬರೆದರೂ ಸಿಗುವುದು 4 ಬೈಟೇ (32 ಬಿಟ್), ಕಂಪೈಲರ್ ಚಕಾರ ಎತ್ತುವುದಿಲ್ಲ.

ನೀವು ಸೆನ್ಸರ್ ಲಾಗರ್ ಅಥವಾ ಪಂಪ್ ಟೈಮರ್ ಥರದ್ದು ಏನಾದರೂ ಬರೆಯುತ್ತಿದ್ದರೆ ಎರಡು ಓದಿಕೆಗಳ ನಡುವಿನ ಹೊತ್ತನ್ನು ಈ ಕ್ರಮದಲ್ಲಿ ತೆಗೆಯಿರಿ: ಎರಡೂ ಎಣಿಕೆಗಳನ್ನು ಪೂರ್ಣಾಂಕವಾಗಿಯೇ ಕಳೆದು, ಬಂದ ವ್ಯತ್ಯಾಸವನ್ನು ಮಾತ್ರ ಸೆಕೆಂಡಿಗೆ ತನ್ನಿ. 36,00,010ರಲ್ಲಿ 36,00,000 ಕಳೆದರೆ 10, ಅದನ್ನು ಆ ಕತ್ತರಿಸಿದ 0.1ರಿಂದಲೇ ಗುಣಿಸಿದರೂ ತಪ್ಪು ಸ್ಕಡ್‌ನ ವೇಗಕ್ಕೆ ಒಂದೂವರೆ ಮಿಲಿಮೀಟರ್ ಚಿಲ್ಲರೆ. ಪೇಟ್ರಿಯಟ್‌ನಲ್ಲಿ ಹೀಗೆ ಮೊದಲು ಕಳೆದು ಆಮೇಲೆ ಗುಣಿಸಿದ್ದರೆ ಹೊಸ ಸಬ್‌ರೂಟೀನ್ ಕೂಡ ಬೇಕಾಗಿರಲಿಲ್ಲ, ಇದ್ದ 24 ಬಿಟ್ ಸಾಕಿತ್ತು.